ಅಟ್ಟದಿಂದ ಇಳಿದದ್ದು

ಕಂಪ್ಯೂಟರಿನ ವಿಷಯ ಬರೆಯುವಷ್ಟು ತಿಳಿದವನು ನಾನಲ್ಲ. ಮೂವತ್ತಾರು ವರ್ಷ ಕೊಯಾಲಿಯ ರಿಫೈನರಿಯಲ್ಲಿ ವಾಲ್ವು ತಿರುಗಿಸಿ, ಮೀಟರು ನೋಡಿ, ಕಂಡದ್ದನ್ನು ಪಾಳಿಯ ಪುಸ್ತಕದಲ್ಲಿ ಬರೆದಿಟ್ಟು ಮನೆಗೆ ಬಂದವನು. 2017ರಲ್ಲಿ ನಿವೃತ್ತನಾದ ಮೇಲೆ ಕ್ವಾರ್ಟರ್ಸು ಬಿಟ್ಟು ವಡೋದರದ ಒಳಗೆ ಒಂದು ಮನೆ ಮಾಡಿಕೊಂಡೆ. ಆದರೂ ಕಳೆದ ಜೂನ್ ತಿಂಗಳಲ್ಲಿ ನನ್ನಿಂದಾದ ಒಂದು ಎಡವಟ್ಟನ್ನೂ ಅದನ್ನು ಬಿಡಿಸಿಕೊಂಡ ಬಗೆಯನ್ನೂ ಸಂಘದ ಸಭೆಯ ದಿನ ಚಹಾ ಕುಡಿಯುತ್ತ ಹೇಳಿದ್ದೇ ತಪ್ಪಾಯಿತು. ಬರೆದು ಕೊಡಿ ಎಂದು ಸಂಪಾದಕರು ಬೆನ್ನು ಹತ್ತಿದರು. ಓದುಗರಲ್ಲಿ ಅನೇಕರ ಮಕ್ಕಳು ಇದೇ ಕೆಲಸದಲ್ಲಿದ್ದಾರೆ. ಅವರು ನಕ್ಕರೆ ನಗಲಿ.

ನಮ್ಮವ್ವ 1985ರಲ್ಲಿ, ಅಪ್ಪ ತೀರಿಕೊಂಡ ಮರುವರ್ಷ, ಗದಗದ ಕಡೆಯ ಹಳ್ಳಿಯಿಂದ ನಮ್ಮಲ್ಲಿಗೆ ಬಂದಳು. ಗದಗ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು; ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಜವಾಹರನಗರದ ಟೌನ್‌ಶಿಪ್ಪಿನಲ್ಲಿ ನಾನು ಪಾಳಿಗೆ ಹೋದಾಗ, ಮಗ ಶಾಲೆಗೆ ಹೋದಾಗ, ಮಧ್ಯಾಹ್ನದ ಹೊತ್ತು ಅವಳಿಗೆ ಕಳೆಯಲಾಗುತ್ತಿರಲಿಲ್ಲ. ನನ್ನ ಹೆಂಡತಿ ಒಂದು ದಿನ ಎರಡು ನೂರು ಪುಟದ ನೋಟುಬುಕ್ಕು, ಒಂದು ಪೆನ್ನು, ಒಂದು ಶಾಯಿಯ ಬಾಟಲಿ ತಂದು ಮುಂದಿಟ್ಟು, “ನೆನಪಾದದ್ದು ಬರೀರಿ” ಎಂದಳು. ನಾಲ್ಕನೆಯ ಇಯತ್ತೆ ಓದಿದ ನಮ್ಮವ್ವ ಬರೆದಳು. ತಾನು ಮಾತಾಡುವ ಹಾಗೆಯೇ ಬರೆದಳು. 2006ರಲ್ಲಿ ಅವಳು ಹೋದಾಗ ಎರಡು ನೋಟುಬುಕ್ಕು ತುಂಬಿ, ಎರಡನೆಯದರಲ್ಲಿ ಹನ್ನೊಂದು ಹಾಳೆ ಮಾತ್ರ ಖಾಲಿ ಉಳಿದಿದ್ದವು.

ಅವನ್ನು ಟೈಪು ಮಾಡಬೇಕೆಂದು ಹೊರಟದ್ದು 2023ರಲ್ಲಿ. ಅಹಮದಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ಬಂದು, ಕನ್ನಡ ಕೀಲಿಮಣೆ ಹಾಕಿಕೊಟ್ಟು, “ಅಪ್ಪಾ, ಬರೆದದ್ದನ್ನೆಲ್ಲ ಗಿಟ್‌ನಲ್ಲಿ ಇಡೋಣ” ಎಂದ. ಗಿಟ್ ಅಂದರೆ 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನವನು ತನ್ನ ಲಿನಕ್ಸ್ ಕೆಲಸಕ್ಕಾಗಿ ಬರೆದುಕೊಂಡ ಒಂದು ವ್ಯವಸ್ಥೆ. ಸಾವಿರಾರು ಜನ ಒಂದೇ ಬರಹದ ಮೇಲೆ ಕೈಯಾಡಿಸಿದರೂ ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದೆ. ನಮ್ಮ ಪಾಳಿಯ ಪುಸ್ತಕದ ಹಾಗೆಯೇ ಎಂದುಕೊಂಡೆ. ‘ಕಮಿಟ್’ ಎಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಸ್ತಾವೇಜು ನೋಂದಾಯಿಸಿದ ಹಾಗೆ. ಆಮೇಲೆ ಏನು ಬದಲಾಯಿಸಿದರೂ ಹಳೆಯದು ಕಚೇರಿಯಲ್ಲಿ ಇದ್ದೇ ಇರುತ್ತದೆ. ಕಮಿಟ್ ಮಾಡದ್ದು ಮಾತ್ರ ಬಾಯಿಮಾತು.

ಮಗ ಇನ್ನೊಂದು ನಿಯಮ ಹಾಕಿದ: ನೋಟುಬುಕ್ಕಿನಲ್ಲಿ ಅಜ್ಜಿ ಎಲ್ಲಿ ಸಾಲು ಮುರಿದಿದ್ದಾಳೋ ಅಲ್ಲೇ ಮುರಿಯಬೇಕು. ಗಿಟ್ ವ್ಯತ್ಯಾಸವನ್ನು ಸಾಲುಸಾಲಾಗಿ ನೋಡುತ್ತದಂತೆ. ಮೊದಲ ನೋಟುಬುಕ್ಕು ಆರು ಅಧ್ಯಾಯವಾಗಿ 2024ರ ಜುಲೈಯಲ್ಲಿ ಮುಗಿಯಿತು. ಮುಂದಿನ ತಿಂಗಳು ವಿಶ್ವಾಮಿತ್ರಿ ಉಕ್ಕಿ ಬಂದಾಗ ನಮ್ಮ ನೆಲಮಹಡಿಗೆ ನೀರು ನುಗ್ಗಿದ್ದು ವಡೋದರದ ಓದುಗರಿಗೆ ಹೇಳಬೇಕಾಗಿಲ್ಲ. ಅವರ ಮನೆಗೂ ನುಗ್ಗಿತ್ತು. ಮಂಚದ ಕೆಳಗಿನ ಟ್ರಂಕಿನಲ್ಲಿದ್ದ ಮೊದಲ ನೋಟುಬುಕ್ಕಿನ ನೀಲಿ ಶಾಯಿ ಪೂರಾ ತೊಳೆದುಹೋಯಿತು. ಹಾಳೆ ಉಳಿಯಿತು, ಅಕ್ಷರ ಹೋಯಿತು. ಎರಡನೆಯದು ಮೇಜಿನ ಮೇಲಿದ್ದುದರಿಂದ ಬಚಾವಾಯಿತು. ಲ್ಯಾಪ್‌ಟಾಪನ್ನು ಹೆಂಡತಿ ಸೆರಗಿನಲ್ಲಿ ಸುತ್ತಿಕೊಂಡು ಮೇಲಿನ ಮನೆಗೆ ಹತ್ತಿದ್ದಳು.

ಇನ್ನು ನನ್ನ ಬುದ್ಧಿವಂತಿಕೆಯ ಕಥೆ.

ಆ ವರ್ಷ ಡಿಸೆಂಬರಿನಲ್ಲಿ ಆರೂ ಅಧ್ಯಾಯಗಳನ್ನು ಕುಳಿತು ಓದಿದೆ. ಸಂಘದವರು ಓದಿದರೆ ಏನೆಂದಾರು ಎನಿಸಿತು. ನಮ್ಮಲ್ಲಿ ಮೈಸೂರಿನವರಿದ್ದಾರೆ, ಮಂಗಳೂರಿನವರಿದ್ದಾರೆ, ಕಾರವಾರದವರಿದ್ದಾರೆ. ‘ಹೊತ್ತ ಮುಳಗೂದರಾಗ’ ಎಂದರೆ ಎಲ್ಲರಿಗೂ ತಿಳಿಯುವುದೇ? ‘ಸೂರ್ಯಾಸ್ತಕ್ಕೆ ಮುನ್ನ’ ಎಂದು ತಿದ್ದಿದೆ. ‘ಬಾಜೂದಾಕಿ’ ಎಂದಿದ್ದುದು ‘ನೆರೆಮನೆಯ ಮಹಿಳೆ’ಯಾಯಿತು. ಇಲ್ಲಿಗೆ ಬಂದ ಮೇಲೆ ಅವಳು ಪಲ್ಯಕ್ಕೆ ‘ಶಾಕ’ ಎನ್ನುತ್ತಿದ್ದಳು. ಗುಜರಾತಿ ಬೇಡವೆಂದು ಎಲ್ಲ ಕಡೆ ‘ಪಲ್ಯ’ ಮಾಡಿದೆ. ‘ಅವ್ವ’ ಇದ್ದಲ್ಲೆಲ್ಲ ‘ತಾಯಿಯವರು’ ಬಂದರು. ಹದಿನೈದು ದಿನ ಕೆಲಸ ಮಾಡಿ ಮಗನಿಗೆ ತೋರಿಸಿದೆ. ಅವನು ಅರ್ಧ ಪುಟ ಓದಿ, “ಅಪ್ಪಾ, ಇದು ಅಜ್ಜಿ ಅಲ್ಲ” ಎಂದ.

ಕೋಪ ಬಂತು. ಆದರೆ ಮಾತು ನಿಜವಾಗಿತ್ತು. ಹಾಗಂತ ಹದಿನೈದು ದಿನದ ಶ್ರಮವನ್ನು ಅಳಿಸಲು ಕೈ ಬಾರದು. ಆಗ ಅವನು ಹೇಳಿಕೊಟ್ಟದ್ದು ‘ಸ್ಟ್ಯಾಶ್’. ಕಮಿಟ್ ಮಾಡದ ತಿದ್ದುಪಡಿಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆಯುವುದು. ಕೆಳಗೆ ಬರಹ ಮೊದಲಿನಂತಾಗುತ್ತದೆ. ಗಂಟು ಬೇಕಾದಾಗ ಇಳಿಸಿಕೊಳ್ಳಬಹುದು. ನಮ್ಮ ಊರುಗಳಲ್ಲಿ ಅಟ್ಟಕ್ಕೆ ಹಾಕಿದ್ದು ಎಷ್ಟು ಸಲ ಇಳಿಯುತ್ತದೆ ಎಂಬುದು ಬೇರೆ ಮಾತು. ಹೋಗುವಾಗ ಮಗ ನನ್ನ ಡೈರಿಯಲ್ಲಿ ನಾಲ್ಕು ಶಬ್ದ ಬರೆದಿಟ್ಟ: ಲಿಸ್ಟ್, ಶೋ, ಪಾಪ್, ಡ್ರಾಪ್. ಅರ್ಥ ಬರೆದಿಡಲಿಲ್ಲ.

ಈ ವರ್ಷ ಜೂನ್ ತಿಂಗಳಲ್ಲಿ ಎರಡನೆಯ ನೋಟುಬುಕ್ಕಿನ ಕೆಲಸ ಶುರುವಾಯಿತು. ಅಲ್ಲಲ್ಲಿ ತಿಳಿಯದ ಹೆಸರು, ತಿಳಿಯದ ಸಂಬಂಧ. ಗದಗದಲ್ಲಿರುವ ಚಿಕ್ಕವ್ವನಿಗೆ ಫೋನು ಮಾಡಿದೆ. ಅವಳಿಗೀಗ ಎಂಬತ್ತಾರು, ಕಿವಿ ಮಂದ, ನೆನಪು ಚುರುಕು. ಒಂದು ಕೇಳಿದರೆ ಹತ್ತು ಹೇಳುವವಳು. ಸಂಜೆ ಏಳಕ್ಕೆ ಫೋನನ್ನು ಮೇಜಿನ ಮೇಲಿಟ್ಟು ಅವಳು ಹೇಳಿದ ಹಾಗೇ ನೇರವಾಗಿ ಟೈಪು ಮಾಡಿಕೊಳ್ಳತೊಡಗಿದೆ. ಅದಕ್ಕೆಂದೇ ಏಳನೆಯ ಅಧ್ಯಾಯ ತೆರೆದೆ. ಮೊದಲ ದಿನ ಬರೆದದ್ದನ್ನು ಕಮಿಟ್ ಮಾಡಿದೆ. ಎರಡನೆಯ ದಿನ, ಮೂರನೆಯ ದಿನ ಮಾಡಲಿಲ್ಲ. ಯಾಕೆ ಎಂದರೆ ಉತ್ತರವಿಲ್ಲ. ಪಾಳಿಯ ಪುಸ್ತಕ ಬರೆಯದೆ ಮನೆಗೆ ಬಂದವನಲ್ಲ ನಾನು.

ಮೂರನೆಯ ಸಂಜೆ ಚಿಕ್ಕವ್ವನಿಗೆ ನಾಲ್ಕನೆಯ ಅಧ್ಯಾಯದಿಂದ ಬಾವಿಯ ಪ್ರಸಂಗ ಓದಿ ಹೇಳಿದೆ. ಸೀ ನೀರಿನ ಬಾವಿ ದೂರ; ಅಕ್ಕತಂಗಿಯರಿಬ್ಬರೂ ಹೋಗುತ್ತಿದ್ದರು; ಒಂದು ದಿನ ತಾಮ್ರದ ಕೊಡ ಬಾವಿಗೆ ಬಿತ್ತು. ‘ಕೊಡ ನನ್ನ ಕೈಲೆ ಜಾರಿ ಬಿತ್ತು’ ಎಂದು ಅವ್ವ ಬರೆದಿದ್ದಾಳೆ. ಅಜ್ಜ ಅವಳನ್ನು ಹೊಡೆದು, ಆ ರಾತ್ರಿ ಊಟಕ್ಕೆ ಕರೆಯಲಿಲ್ಲವೆಂದೂ ಬರೆದಿದ್ದಾಳೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಫೋನು ಕಟ್ಟಾಯಿತೆಂದುಕೊಂಡೆ. ಆಮೇಲೆ ಚಿಕ್ಕವ್ವ ಅಂದಳು: “ಬೀಳಿಸಿದಾಕಿ ನಾನು. ಬಡಿಸಿಕೊಂಡಾಕಿ ನಿಮ್ಮವ್ವ. ಪುಸ್ತಕದಾಗೂ ಹಂಗ ಬರದಾಳೇನು?” ಇನ್ನೂ ಎರಡು ಮಾತು ಹೇಳಿ, “ಇದನ್ನ ಮತ್ತ ಕೇಳಬ್ಯಾಡ” ಎಂದು ಫೋನಿಟ್ಟಳು.

ಅವಳ ಮಾತು ಸೇರಬೇಕಾದದ್ದು ನಾಲ್ಕನೆಯ ಅಧ್ಯಾಯಕ್ಕೆ, ಅವ್ವನ ಸಾಲಿನ ಕೆಳಗೆ. ಅದನ್ನು ಬರೆಯುವ ಮುಂಚೆ, ಅಟ್ಟದಲ್ಲಿಟ್ಟ ಗಂಟಿನಲ್ಲಿ ಈ ಪ್ರಸಂಗ ಹೇಗಿತ್ತು ಎಂದು ಇಣುಕಿ ನೋಡುವ ಆಸೆ ಹುಟ್ಟಿತು. ಡೈರಿಯಲ್ಲಿ ನೋಡಿದೆ. ‘ಪಾಪ್’ ಅಂದರೆ ತಲೆ ಹೊರಹಾಕಿ ನೋಡುವುದಿರಬೇಕು ಎಂದುಕೊಂಡು ‘ಗಿಟ್ ಸ್ಟ್ಯಾಶ್ ಪಾಪ್’ ಎಂದು ಒತ್ತಿದೆ. ಇಣುಕಿ ನೋಡಲಿಕ್ಕೆ ಇದ್ದದ್ದು ‘ಶೋ’. ‘ಪಾಪ್’ ಎಂದರೆ ಗಂಟನ್ನು ಇಳಿಸಿ, ಬಿಚ್ಚಿ, ಎಲ್ಲವನ್ನೂ ಮನೆತುಂಬ ಹರಡಿ, ಖಾಲಿ ಬಟ್ಟೆಯನ್ನು ಎಸೆದುಬಿಡುವುದು.

ಪರದೆಯ ಮೇಲೆ ಏನೋ ಬಂತು. ಅಧ್ಯಾಯಗಳಿಗೆ ನಾನು ಕನ್ನಡದಲ್ಲೇ ಹೆಸರಿಟ್ಟಿದ್ದೆ: ‘ಮಳೆಗಾಲ’, ‘ಬಾವಿ’, ‘ರೈಲು’. ಗಿಟ್ ಮಾತ್ರ ಅವನ್ನು ಕನ್ನಡದಲ್ಲಿ ತೋರಿಸುತ್ತಿರಲಿಲ್ಲ. ‘ಮ’ ಎಂಬ ಒಂದೇ ಅಕ್ಷರದ ಜಾಗದಲ್ಲಿ 340, 262, 256 ಎಂದು ಓರೆಗೆರೆಗಳ ನಡುವೆ ಮೂರು ಸಂಖ್ಯೆ. ಇಂಥ ಏಳು ಸಾಲು ಅಂಕಿಗಳಲ್ಲಿ ಯಾವುದು ಯಾವ ಅಧ್ಯಾಯವೆಂದು ಬ್ರಹ್ಮನಿಗೂ ತಿಳಿಯದು. ಕೊನೆಗೆ ‘ಡ್ರಾಪ್ಡ್’ ಎಂದು, ಅದರ ಮುಂದೆ ನಲವತ್ತು ಅಕ್ಷರದ ಒಂದು ಉದ್ದ ಗುರುತು. ಗಂಟು ಬಿದ್ದುಹೋಯಿತು, ಹೋದರೆ ಹೋಗಲಿ ಎಂದುಕೊಂಡೆ. ‘ಬಾವಿ’ ತೆರೆದು, ಹುಡುಕುವ ಕೀಲಿಯಿಂದ ಕೊಡದ ಸಾಲಿಗೆ ಹೋಗಿ, ಅದರ ಕೆಳಗೆ ಚಿಕ್ಕವ್ವ ಹೇಳಿದ್ದನ್ನು ನಾಲ್ಕು ಸಾಲು ಬರೆದು, ಉಳಿಸಿ, ಕನ್ನಡಕ ತೆಗೆದೆ.

ಊಟವಾದ ಮೇಲೆ ಹೆಂಡತಿಗೆ ಓದಿ ಹೇಳೋಣವೆಂದು ಮತ್ತೆ ತೆರೆದರೆ, ಅಧ್ಯಾಯದ ಮೊದಲ ಸಾಲಿನಲ್ಲೇ ‘ತಾಯಿಯವರು’ ನಿಂತಿದ್ದಾರೆ. ಮೇಲೆ ಕೆಳಗೆ ಎಲ್ಲೆಲ್ಲೂ ನಿಂತಿದ್ದಾರೆ. ಉಳಿದ ಐದು ಅಧ್ಯಾಯ ತೆರೆದೆ. ಎಲ್ಲದರಲ್ಲೂ ಸೂರ್ಯಾಸ್ತವಾಗಿತ್ತು.

ರಿಫೈನರಿಯಲ್ಲಿದ್ದವರಿಗೆ ‘ಸ್ಲಾಪ್’ ಗೊತ್ತಿರುತ್ತದೆ. ಯಾವ ರಿಫೈನರಿಯಲ್ಲೂ ಇರುವ ವ್ಯವಸ್ಥೆಯೇ. ದರ್ಜೆಗೆ ಬಾರದ ಎಣ್ಣೆ, ಒಂದರೊಳಗೊಂದು ಬೆರೆತ ಎಣ್ಣೆ, ಪ್ರತ್ಯೇಕ ಟ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ಮತ್ತೆ ಕಚ್ಚಾ ಎಣ್ಣೆಯ ಜೊತೆ ಕುಲುಮೆಗೆ, ಗೋಪುರಕ್ಕೆ. ಸೀಮೆಎಣ್ಣೆ, ಡೀಸೆಲ್ ಒಮ್ಮೆ ಕೂಡಿದರೆ ಕಣ್ಣಿಟ್ಟು ನೋಡಿ ಬೇರೆ ಮಾಡಲಾಗದು, ಪುನಃ ಕಾಯಿಸಬೇಕು. ಆ ರಾತ್ರಿ ನನಗೆ ಕಂಡದ್ದು ಹಾಗೇ. ಅವ್ವನ ಮಾತು, ನನ್ನ ತಿದ್ದುಪಡಿ, ಚಿಕ್ಕವ್ವನ ಬಾಯಿಂದ ಬಂದದ್ದು, ಮೂರೂ ಒಂದೇ ಟ್ಯಾಂಕಿನಲ್ಲಿ. ಮೊದಲ ನೋಟುಬುಕ್ಕು ಬಿಳಿ ಹಾಳೆಯಾಗಿ ಟ್ರಂಕಿನಲ್ಲಿ ಕೂತಿದೆ.

ಮೇಲಿನ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಾನೆ; ಕರೆದೆ. ಬಂದು ನೋಡಿ, “ಅಂಕಲ್, ಚಿಂತೆ ಬೇಡ. ರಿಸೆಟ್ ಹಾರ್ಡ್ ಅಂದರೆ ಎಲ್ಲ ಹಳೆಯದಾಗುತ್ತೆ” ಎಂದು ಕೀಲಿಯ ಮೇಲೆ ಕೈಯಿಟ್ಟ. ಎಲ್ಲ ಎಂಬ ಮಾತು ನನಗೆ ಸರಿಬೀಳಲಿಲ್ಲ. ಅವನ ಕೈ ಹಿಡಿದು ನಿಲ್ಲಿಸಿ ಮಗನಿಗೆ ಫೋನು ಹಚ್ಚಿದೆ. ಮಗ ಕೇಳಿದ ಮೊದಲ ಪ್ರಶ್ನೆ: “ಚಿಕ್ಕಜ್ಜಿ ಹೇಳಿದ್ದು ಕಮಿಟ್ ಆಗಿದೆಯಾ?” ಇಲ್ಲ ಎಂದೆ. “ಹಾಗಾದರೆ ಯಾರೂ ಏನೂ ಮುಟ್ಟಬೇಡಿ. ರಿಸೆಟ್ ಹಾರ್ಡ್ ಮಾಡಿದರೆ ಅಜ್ಜಿಯ ಮಾತು ವಾಪಸು ಬರುತ್ತೆ, ಚಿಕ್ಕಜ್ಜಿಯದು ಹೋಗುತ್ತೆ. ಅದನ್ನು ಗಿಟ್ ನೋಡೇ ಇಲ್ಲ. ನೋಡದ್ದನ್ನು ಎಲ್ಲಿಂದ ತಂದು ಕೊಡುತ್ತೆ?”

ಹುಡುಗನ ಮೇಲೆ ತಪ್ಪು ಹೊರಿಸಲಾರೆ. ಅವನು ಹೇಳಿದ ಉಪಾಯ ಬಹುತೇಕ ಕಡೆ ಸರಿಯೇ. ನಾನು ಗಂಟು ಬಿಚ್ಚುವ ಮುಂಚೆ ಎಲ್ಲವನ್ನೂ ಕಮಿಟ್ ಮಾಡಿದ್ದರೆ ಒಂದೇ ಅಪ್ಪಣೆಗೆ ಮನೆ ಗುಡಿಸಿದಂತಾಗುತ್ತಿತ್ತು.

ಮುಂದಿನದು ಫೋನಿನಲ್ಲೇ ನಡೆಯಿತು. ಮೊದಲಿಗೆ ಇಡೀ ಕಡತಕೋಶದ ಒಂದು ನಕಲನ್ನು ಪೆನ್‌ಡ್ರೈವಿಗೆ ಹಾಕಿಸಿದ; ಗಾಯ ತೊಳೆಯುವ ಮುಂಚೆ ಫೋಟೋ ತೆಗೆದ ಹಾಗೆ. ಎರಡನೆಯದು, ‘ಕೋರ್ ಕೋಟ್‌ಪಾತ್’ ಎಂಬುದನ್ನು ‘ಆಫ್’ ಮಾಡಿಸಿದ. ಅಂಕಿಗಳೆಲ್ಲ ಮಾಯವಾಗಿ ‘ಮಳೆಗಾಲ’, ‘ಬಾವಿ’, ‘ರೈಲು’ ಎಂದು ಕನ್ನಡದಲ್ಲಿ ಹೊಳೆದವು. ಇದೊಂದು ಸಾಲು ಎರಡು ವರ್ಷ ಮುಂಚೆ ಮಾಡಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಕನ್ನಡ ಹೆಸರಿನ ಕಡತ ಇಟ್ಟುಕೊಂಡವರು ಇವತ್ತೇ ಮಾಡಿಕೊಳ್ಳಿ.

ಬದಲಾದವು ಏಳು. ಏಳನೆಯ ಅಧ್ಯಾಯದಲ್ಲಿ ಚಿಕ್ಕವ್ವನ ಮಾತು ಮಾತ್ರ ಇದ್ದದ್ದರಿಂದ ಅದೊಂದನ್ನೇ ಮೊದಲು ಕಮಿಟ್ ಮಾಡಿಸಿದ. ಅರ್ಧ ಜೀವ ಬಂತು. ಉಳಿದ ಆರರಲ್ಲಿ ಐದಕ್ಕೆ ‘ರಿಸ್ಟೋರ್’ ಎಂದರೆ ಸಾಕು, ನೋಂದಾಯಿಸಿದ ಹಳೆಯ ಪ್ರತಿ ಬಂದು ಕೂರುತ್ತದೆ. ಕಷ್ಟವೆಲ್ಲ ‘ಬಾವಿ’ಯದು; ಅದರಲ್ಲಿ ಗಂಟಿನಿಂದ ಬಂದದ್ದೂ ಇದೆ, ಆಮೇಲೆ ನಾನು ಬರೆದದ್ದೂ ಇದೆ. “ಚಿಕ್ಕಜ್ಜಿಯ ನಾಲ್ಕು ಸಾಲನ್ನು ಗಂಟು ಬಿಚ್ಚುವ ಮುಂಚೆ ಬರೆದಿದ್ದರೆ ಗಿಟ್ ಒಪ್ಪುತ್ತಲೇ ಇರಲಿಲ್ಲ” ಎಂದ ಮಗ. ಕಮಿಟ್ ಮಾಡದ ಬರಹವಿರುವ ಕಡತದ ಮೇಲೆ ಗಂಟು ಬಿಚ್ಚಲು ಅದು ಒಲ್ಲೆ ಎನ್ನುತ್ತದಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

‘ರಿಸ್ಟೋರ್’ ಜೊತೆ ‘ಪಿ’ ಎಂಬ ಅಕ್ಷರ ಸೇರಿಸಿದರೆ ಗಿಟ್ ಒಂದೊಂದೇ ತುಣುಕನ್ನು ಮುಂದಿಟ್ಟು, ಇದನ್ನು ಬಿಟ್ಟುಬಿಡಲೇ ಎಂದು ಕೇಳುತ್ತದೆ. ‘ವೈ’ ಒತ್ತಿದರೆ ಬಿಡುತ್ತದೆ, ‘ಎನ್’ ಒತ್ತಿದರೆ ಇಟ್ಟುಕೊಳ್ಳುತ್ತದೆ. ಹಳೆಯ ಸಾಲು ಕೆಂಪಿನಲ್ಲಿ, ಹೊಸದು ಹಸುರಿನಲ್ಲಿ. ಅದು ‘ಬಾವಿ’ಗೆ ಮಾತ್ರ ಬೇಕಾಗಿತ್ತು. ಆದರೆ ಮೊದಲ ತುಣುಕು ನೋಡಿದ್ದೇ, “ಆರನ್ನೂ ಹೀಗೇ ನೋಡುತ್ತೇನೆ, ನೀನು ಮಲಗು” ಎಂದು ಮಗನಿಗೆ ಹೇಳಿದೆ. ಅವನು ಮಲಗಲಿಲ್ಲ.

ನೂರ ಹನ್ನೊಂದು ತುಣುಕು. ಕೆಂಪಿನಲ್ಲಿ ಅವ್ವ, ಹಸುರಿನಲ್ಲಿ ನಾನು. ಮೇಷ್ಟ್ರು ಕಾಟುಹಾಕಿದ ಹಾಗೆ ಅವಳ ಸಾಲುಗಳ ಮುಂದೆ ಕಳೆಯುವ ಚಿಹ್ನೆ, ನನ್ನವುಗಳ ಮುಂದೆ ಕೂಡುವ ಚಿಹ್ನೆ. ‘ಬಾಜೂದಾಕಿ ಶಾಕ ಕೊಟ್ಟು ಕಳಿಸಿದ್ಲು’ ಎಂಬುದನ್ನು ‘ನೆರೆಮನೆಯ ಮಹಿಳೆಯು ಪಲ್ಯವನ್ನು ಕಳುಹಿಸಿಕೊಟ್ಟರು’ ಎಂದು ಮಾಡಿದ್ದೆ. ವೈ. ಆ ಬಾಜೂದಾಕಿ ಯಾರೆಂದು ನನಗೆ ಗೊತ್ತು. ಅವಳ ಮನೆಯ ಬಟಾಟೆ ಶಾಕ ತಿಂದೇ ನನ್ನ ಮಗ ದೊಡ್ಡವನಾದದ್ದು. ‘ಮಹಿಳೆ’ ಎಂದರೆ ಅವಳೇ ನಗುತ್ತಿದ್ದಳು. ವೈ, ವೈ, ವೈ. ‘ಎ’ ಒತ್ತಿದರೆ ಆ ಕಡತದಲ್ಲಿ ಉಳಿದದ್ದೆಲ್ಲ ಒಮ್ಮೆಲೇ ಹೋಗುತ್ತದೆಂದು ಮಗ ನಡುವೆ ನೆನಪಿಸಿದ. ಒತ್ತಲಿಲ್ಲ.

ಒಂದು ಕಡೆ ನಾನೇ ಸರಿ ಇದ್ದೆ. ‘ನೆಹರೂನವರು ಬಂದು ರಿಫೈನರಿ ಚಾಲೂ ಮಾಡ್ಯಾರಂತ’ ಎಂದು ಅವ್ವ ಯಾರಿಂದಲೋ ಕೇಳಿ ಬರೆದಿದ್ದಳು. ನೆಹರೂ ಅಡಿಗಲ್ಲು ಹಾಕಿದ್ದು 1963ರ ಮೇ ತಿಂಗಳಲ್ಲಿ. ಸೋವಿಯತ್ ದೇಶದ ನೆರವಿನಿಂದ ಕಟ್ಟಿ, ಮೊದಲ ಘಟಕ ನಡೆದದ್ದು 1965ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ನೆಹರೂ ತೀರಿಕೊಂಡು ಒಂದು ವರ್ಷ ಮೇಲಾಗಿತ್ತು. ಜವಾಹರನಗರ ಎಂಬ ಹೆಸರು ಉಳಿದದ್ದರಿಂದ ಜನ ಹಾಗೆ ಹೇಳಿರಬೇಕು. ಬೆರಳು ‘ಎನ್’ ಮೇಲೆ ಹೋಯಿತು. ಆಮೇಲೆ ಅದಕ್ಕೂ ‘ವೈ’ ಒತ್ತಿದೆ. ಇಸವಿಯನ್ನು ಅಡಿಟಿಪ್ಪಣಿಯಲ್ಲಿ ನನ್ನ ಹೆಸರಿನಲ್ಲಿ ಹಾಕಿದರಾಯಿತು. ಅವಳು ಕೇಳಿದ್ದನ್ನು ಕೇಳಲಿಲ್ಲವೆಂದು ಮಾಡಲು ನಾನು ಯಾರು?

‘ಬಾವಿ’ಯಲ್ಲಿ ಕೊಡದ ಸಾಲು ಬಂತು. ಕೆಂಪಿನಲ್ಲಿ ‘ಕೊಡ ನನ್ನ ಕೈಲೆ ಜಾರಿ ಬಿತ್ತು’, ಹಸುರಿನಲ್ಲಿ ‘ಕೊಡವು ನನ್ನ ಕೈಯಿಂದ ಜಾರಿ ಬಾವಿಗೆ ಬಿದ್ದಿತು’, ಅದಕ್ಕೆ ಅಂಟಿಕೊಂಡೇ ಚಿಕ್ಕವ್ವನ ನಾಲ್ಕು ಸಾಲು, ಅವೂ ಹಸುರು. ತುಣುಕನ್ನು ಇನ್ನೂ ಸೀಳಲು ‘ಎಸ್’ ಒತ್ತಬೇಕಂತೆ. ಆದರೆ ನಡುವೆ ಬದಲಾಗದ ಒಂದು ಸಾಲಾದರೂ ಇದ್ದರೆ ಮಾತ್ರ ಅದು ಸೀಳೀತು. ಇಲ್ಲಿ ಇರಲಿಲ್ಲ. ಗಿಟ್‌ಗೆ ಅವೆಲ್ಲ ಒಂದೇ. ‘ಎನ್’ ಒತ್ತಿ, ಕಡತ ತೆರೆದು, ನನ್ನ ಸಾಲನ್ನು ಕೈಯಾರೆ ಅಳಿಸಿ, ಅವ್ವನ ಸಾಲನ್ನು ಅಕ್ಷರ ಅಕ್ಷರವಾಗಿ ಟೈಪು ಮಾಡಿದೆ. ಸುಳ್ಳು ಅದು, ಈಗ ನನಗೆ ಗೊತ್ತು. ಅವಳು ವರ್ಷಗಟ್ಟಲೆ ಕಾದಿಟ್ಟ ಸುಳ್ಳು. ಅದರ ಕೆಳಗೆ ತಂಗಿಯ ನಾಲ್ಕು ಸಾಲು ಹಾಗೇ ಉಳಿದವು. ಕಮಿಟ್ ಮಾಡಿದಾಗ ಒಂದೂವರೆ ಗಂಟೆ.

ಕೊನೆಯದು ‘ರೈಲು’. ಊರಿಗೆ ಹೋಗಿ ತಿರುಗಿ ಬರುವ ಕಥೆ. ಹುಬ್ಬಳ್ಳಿ, ಮೀರಜಿನಲ್ಲಿ ಗಾಡಿ ಬದಲಿಸಿ ಪುಣೆ, ಮುಂಬಯಿ, ವಡೋದರ. ಎರಡು ದಿನದ ಹಾದಿ. ನಮ್ಮ ಪೀಳಿಗೆಯವರಿಗೆಲ್ಲ ಗೊತ್ತಿದ್ದದ್ದೇ. ಸ್ಟೇಷನ್ನಿನಿಂದ ಬಸ್ಸು ಹಿಡಿದು ಕತ್ತಲಲ್ಲಿ ಬರುವಾಗ ದೂರದಿಂದ ರಿಫೈನರಿಯ ಫ್ಲೇರ್ ಕಾಣುತ್ತದೆ, ಗೋಪುರದ ತುದಿಯಲ್ಲಿ ಹಗಲೂ ರಾತ್ರಿ ಉರಿಯುವ ಬೆಂಕಿ. ಹಸುರಿನಲ್ಲಿ ನಾನು ಬರೆದಿದ್ದೆ: ‘ಕಾರ್ಖಾನೆಯ ಜ್ವಾಲೆಯು ಕಾಣಿಸಿತು. ಕೊಯಾಲಿಯನ್ನು ತಲುಪಿದೆವು.’

ಕೆಂಪಿನಲ್ಲಿ ಅವ್ವ ಬರೆದಿದ್ದಳು: ‘ಬೆಂಕಿ ಕಂಡ್ತು. ಊರ ಬಂತು.’

ಟೈಪು ಮಾಡುವಾಗ ಇದು ಕಣ್ಣಿಗೆ ಬಿದ್ದಿರಲಿಲ್ಲ. ತಿದ್ದುವಾಗ, ‘ಊರು’ ಅಂದರೆ ಓದುಗರಿಗೆ ಗೊಂದಲವಾದೀತು, ಅವಳ ಊರು ಗದಗದ ಕಡೆಯಲ್ಲವೇ ಎಂದು ಸರಿಪಡಿಸಿದ್ದೆ. ಇಪ್ಪತ್ತೊಂದು ವರ್ಷ ನಮ್ಮ ಜೊತೆ ಇದ್ದಳು. ಇಲ್ಲಿಗೆ ಎಳೆದುತಂದೆನಲ್ಲ, ಹಳ್ಳಿ ಬಿಡಿಸಿದೆನಲ್ಲ ಎಂದು ನಾನು ಒಳಗೊಳಗೇ ಕೊರಗಿದ್ದುಂಟು. ಅವಳನ್ನು ಕೇಳುವ ಧೈರ್ಯವಾಗಿರಲಿಲ್ಲ. ಫೋನಿನಲ್ಲಿ ಮಗ, “ಯಾಕಪ್ಪಾ, ನಿಂತಿರಿ?” ಎಂದ. ಏನಿಲ್ಲ ಎಂದು ‘ವೈ’ ಒತ್ತಿದೆ.

ಮಲಗುವ ಮುಂಚೆ ಮಗ ಹೇಳಿದ: ಬಿದ್ದುಹೋದ ಗಂಟೂ ಪೂರ್ತಿ ಹೋಗಿಲ್ಲ, ಪರದೆಯ ಮೇಲಿನ ಆ ನಲವತ್ತು ಅಕ್ಷರ ಬರೆದಿಟ್ಟುಕೊಂಡರೆ ‘ಸ್ಟ್ಯಾಶ್ ಸ್ಟೋರ್’ ಎಂದು ಪುನಃ ಅಟ್ಟಕ್ಕೇರಿಸಬಹುದು, ಮುಂದೆ ಯಾವಾಗಲಾದರೂ ಗಿಟ್ ಕಸ ಗುಡಿಸುವಾಗ ಮಾತ್ರ ಅದನ್ನೂ ಗುಡಿಸಿ ಹಾಕಬಹುದು. ಡೈರಿಯಲ್ಲಿ ಬರೆದುಕೊಂಡೆ. ಹದಿನೈದು ದಿನದ ಶ್ರಮವಲ್ಲವೇ. ಆ ಹಾಳೆ ಈಗಲೂ ಇದೆ. ಗಿಟ್ ಯಾವಾಗ ಕಸ ಗುಡಿಸಿತೋ ನೋಡಲಿಲ್ಲ.

ಮರುದಿನ ಸಂಜೆ ಏಳಕ್ಕೆ ಚಿಕ್ಕವ್ವನ ಫೋನು ತಾನಾಗಿಯೇ ಬಂತು. ಹಿಂದಿನ ದಿನದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ‘ರೈಲು’ ಓದಿ ಹೇಳಿದೆ. ಕಿವಿ ಮಂದವಾದ್ದರಿಂದ ಕೊನೆಯ ಸಾಲನ್ನು ಮೂರು ಸಲ ಕೂಗಿ ಓದಬೇಕಾಯಿತು.

“ಬೆಂಕಿ? ಯಾವ ಊರಪ್ಪಾ ಅದು?” ಎಂದಳು.

“ಕೊಯಾಲಿ, ಚಿಕ್ಕವ್ವ. ನಮ್ಮ ಕೊಯಾಲಿ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾ. ಆತು, ಬರಕೋ, ಮುಂದಿಂದು ಹೇಳತೀನಿ” ಎಂದಳು. ನಾನು ಮೊದಲು ಹಿಂದಿನ ಕೆಲಸವೆಲ್ಲ ಕಮಿಟ್ ಆಗಿದೆಯೇ ಎಂದು ನೋಡಿಕೊಂಡು, ಆಮೇಲೆ ಬರೆದುಕೊಳ್ಳತೊಡಗಿದೆ.